ಪಾಠ ಹೇಳುವುದು ಯಾವಾಗ ‘ವೃತ್ತಿ’ ಎನಿಸಿಕೊಳ್ಳುತ್ತದೆ?

ಪ್ರಶ್ನೆ: 11 ವರ್ಷಗಳಿಂದ ಗಣಿತ ಪಾಠ ಮಾಡುತ್ತಿದ್ದೇನೆ. ‘ವಿಷಯ ಗೊತ್ತಿದ್ದರೆ ಸಾಕು, ಪಾಠ ಯಾರು ಬೇಕಾದರೂ ಮಾಡಬಹುದು, ತರಬೇತಿ ಅನ್ನುವುದು ಬರೀ ಕಾಗದ’ ಎಂದು ಮನೆಯವರೂ ಹೇಳುತ್ತಾರೆ, ಪೋಷಕರೂ ಹೇಳುತ್ತಾರೆ. ವೈದ್ಯರಿಗೆ, ವಕೀಲರಿಗೆ ಹೀಗೆ ಹೇಳುವ ಧೈರ್ಯ ಯಾರಿಗೂ ಇಲ್ಲ. ಒಂದು ಕೆಲಸಕ್ಕೆ ವೃತ್ತಿ ಎಂಬ ಮಾನ್ಯತೆ ಬರುವುದು ಯಾವುದರಿಂದ? ಬೋಧನೆಗೆ ಅದು ಇದೆಯೇ? ಸರ್ಕಾರ, ಕಾನೂನು ನಮ್ಮ ಕೈಯಲ್ಲಿಲ್ಲ; ಒಂದು ಶಾಲೆಯ ಐದಾರು ಶಿಕ್ಷಕರು ಸೇರಿ ಮಾಡಬಹುದಾದದ್ದು ಏನಾದರೂ ಇದೆಯೇ?

ಉತ್ತರ: ಮೊದಲು ಪದದ ಗೊಂದಲ ಬಿಡಿಸಿಕೊಳ್ಳೋಣ. ಕನ್ನಡದಲ್ಲಿ ‘ವೃತ್ತಿ’ ಎಂದರೆ ಹೊಟ್ಟೆಪಾಡಿನ ಯಾವ ಕೆಲಸವೂ ಆಗುತ್ತದೆ. ಅರ್ಜಿ ಫಾರಂನ ‘ವೃತ್ತಿ’ ಕಾಲಂನಲ್ಲಿ ಬೇಸಾಯ ಎಂದೂ ಬರೆಯುತ್ತೇವೆ, ವ್ಯಾಪಾರ ಎಂದೂ ಬರೆಯುತ್ತೇವೆ. ನೀವು ಕೇಳುತ್ತಿರುವುದು ‘ಪ್ರೊಫೆಷನ್’ ಎಂಬ ಬಿಗಿಯಾದ ಅರ್ಥದ ವೃತ್ತಿಯ ಬಗ್ಗೆ. ಅದಕ್ಕೂ ಗೌರವಕ್ಕೂ ಇರುವ ನಂಟು ಸಡಿಲವಾದದ್ದು. ‘ಪವಿತ್ರ ವೃತ್ತಿ’ ಎಂದು ವೇದಿಕೆಯ ಮೇಲೆ ಹೊಗಳಿದವರೇ ಮರುದಿನ ಯಾವ ಪಾಠ ಯಾವ ವಾರ ಮುಗಿಯಬೇಕು ಎಂಬುದನ್ನು ಶಿಕ್ಷಕರನ್ನು ಒಂದು ಮಾತೂ ಕೇಳದೆ ತೀರ್ಮಾನಿಸುತ್ತಾರೆ. ನಿಜ ಹೇಳಬೇಕೆಂದರೆ ಈ ‘ಪವಿತ್ರ’ ಎಂಬ ಮಾತಿನಿಂದ ಬೋಧನೆಗೆ ಹಾನಿಯೇ ಹೆಚ್ಚು. ಪವಿತ್ರವಾದದ್ದಕ್ಕೆ ತ್ಯಾಗ ಸಾಕು, ತರಬೇತಿ ಬೇಡ ಎಂಬ ಭಾವನೆ ಅದರ ಬೆನ್ನಿಗೇ ಬರುತ್ತದೆ.

ಮಾನ್ಯತೆ ಎಂದರೆ ಒಂದು ಬಗೆಯ ಒಪ್ಪಂದ. ‘ಈ ವಿಷಯದಲ್ಲಿ ತೀರ್ಮಾನ ನಿಮ್ಮದು, ಏಕೆಂದರೆ ನಮಗಿಲ್ಲದ ತಿಳಿವಳಿಕೆ ನಿಮಗಿದೆ, ನಿಮ್ಮಲ್ಲೊಬ್ಬರು ತಪ್ಪಿದರೆ ನೀವೇ ಕೇಳುತ್ತೀರಿ ಎಂಬ ನಂಬಿಕೆಯೂ ನಮಗಿದೆ’ ಎಂದು ಸಮಾಜ ಒಂದು ಗುಂಪಿಗೆ ಬಿಟ್ಟುಕೊಡುವ ಒಪ್ಪಂದ. ತಿಳಿವಳಿಕೆ, ತೀರ್ಮಾನದ ಹಕ್ಕು, ಪರಸ್ಪರ ಹೊಣೆ ಈ ಮೂರರಲ್ಲಿ ಒಂದು ಸಡಿಲವಾದರೂ ಉಳಿದೆರಡು ನಿಲ್ಲುವುದಿಲ್ಲ.

ಈ ಚರ್ಚೆಗೆ ನೂರು ವರ್ಷದ ಮೇಲಾಯಿತು. 1915ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಶಿಕ್ಷಣತಜ್ಞ ಅಬ್ರಹಾಂ ಫ್ಲೆಕ್ಸ್‌ನರ್ ವೃತ್ತಿಯೊಂದರ ಆರು ಲಕ್ಷಣಗಳನ್ನು ಮುಂದಿಟ್ಟರು: ಕೆಲಸ ಬುದ್ಧಿಪ್ರಧಾನವಾಗಿದ್ದು ವೈಯಕ್ತಿಕ ಹೊಣೆ ದೊಡ್ಡದಿರಬೇಕು; ಅದರ ಸರಕು ಶಾಸ್ತ್ರಜ್ಞಾನದಿಂದ ಬರಬೇಕು; ಅದಕ್ಕೆ ಖಚಿತವಾದ ಪ್ರಾಯೋಗಿಕ ಗುರಿ ಇರಬೇಕು; ಇನ್ನೊಬ್ಬರಿಗೆ ಕಲಿಸಿಕೊಡಬಹುದಾದ ತಂತ್ರ ಇರಬೇಕು; ಅದರಲ್ಲಿರುವವರು ತಾವೇ ಸಂಘಟಿತರಾಗುವಂತಿರಬೇಕು; ಸ್ವಂತ ಲಾಭಕ್ಕಿಂತ ಪರರ ಹಿತ ಮುಂದಿರಬೇಕು. ಇದೇ ಫ್ಲೆಕ್ಸ್‌ನರ್ 1910ರಲ್ಲಿ ಅಮೆರಿಕ ಮತ್ತು ಕೆನಡಾದ ವೈದ್ಯಕೀಯ ಕಾಲೇಜುಗಳ ಬಗ್ಗೆ ಬರೆದ ವರದಿಯ ನಂತರ ಎಷ್ಟೋ ಕಳಪೆ ಕಾಲೇಜುಗಳು ಬಾಗಿಲು ಹಾಕಿದವು. ಅವರು ವೈದ್ಯರಾಗಿರಲಿಲ್ಲ, ಶಾಲೆ ನಡೆಸಿದ್ದ ಮೇಷ್ಟ್ರು! ವೈದ್ಯಕೀಯಕ್ಕೆ ಈಗಿರುವ ಮಾನ್ಯತೆಯೂ ಅನಾದಿಯಿಂದ ಬಂದದ್ದಲ್ಲ, ಬೇಲಿ ಬಿಗಿ ಮಾಡಿ ಗಳಿಸಿದ್ದು ಎಂಬುದನ್ನು ನೆನಪಿಡಿ.

1969ರಲ್ಲಿ ಸಮಾಜಶಾಸ್ತ್ರಜ್ಞ ಅಮಿತಾಯ್ ಎಟ್ಜಿಯೋನಿ ಶಿಕ್ಷಕರು, ದಾದಿಯರು, ಸಮಾಜ ಕಾರ್ಯಕರ್ತರ ಕೆಲಸವನ್ನು ‘ಅರೆ ವೃತ್ತಿ’ಗಳ ಸಾಲಿಗೆ ಸೇರಿಸಿದರು. ತರಬೇತಿಯ ಅವಧಿ ಕಡಿಮೆ, ವಿಶೇಷ ಜ್ಞಾನದ ಭಂಡಾರ ಚಿಕ್ಕದು, ಮೇಲಧಿಕಾರಿಯ ಅಂಕೆ ಹೆಚ್ಚು ಎಂಬುದು ಅವರ ವಾದ. ಆ ಹಣೆಪಟ್ಟಿ ಇನ್ನೂ ಪೂರ್ತಿ ಕಳಚಿಲ್ಲ. ಆದರೆ ಅದಕ್ಕೂ ಮೂರು ವರ್ಷ ಮೊದಲೇ, 1966ರ ಅಕ್ಟೋಬರ್ 5ರಂದು, ಪ್ಯಾರಿಸ್‌ನಲ್ಲಿ ಸೇರಿದ್ದ ಅಂತರಸರ್ಕಾರಿ ಸಮ್ಮೇಳನ ಶಿಕ್ಷಕರ ಸ್ಥಾನಮಾನದ ಶಿಫಾರಸನ್ನು ಅಂಗೀಕರಿಸಿತ್ತು. ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಜೊತೆಯಾಗಿ ರೂಪಿಸಿದ ಈ ಶಿಫಾರಸಿನ 6ನೇ ಪರಿಚ್ಛೇದ ಬೋಧನೆಯನ್ನು ವೃತ್ತಿಯೆಂದೇ ಪರಿಗಣಿಸಬೇಕು ಎನ್ನುತ್ತದೆ. ಕಾರಣವನ್ನೂ ಕೊಡುತ್ತದೆ: ಅದಕ್ಕೆ ಬೇಕಾದ ತಜ್ಞ ಜ್ಞಾನ ಮತ್ತು ಕೌಶಲ ಕಟ್ಟುನಿಟ್ಟಾದ, ನಿರಂತರವಾದ ಅಧ್ಯಯನದಿಂದ ಬರುವಂಥದ್ದು, ಮಕ್ಕಳ ಶಿಕ್ಷಣ ಮತ್ತು ಹಿತದ ಹೊಣೆ ಒಬ್ಬೊಬ್ಬ ಶಿಕ್ಷಕರ ಮೇಲೂ ಇದೆ, ಎಲ್ಲರ ಮೇಲೆ ಸಾಮೂಹಿಕವಾಗಿಯೂ ಇದೆ. ಇದು ಶಿಫಾರಸು ಮಾತ್ರ. ಯಾವ ದೇಶವನ್ನೂ ಕಟ್ಟಿಹಾಕುವುದಿಲ್ಲ. ವಿಶ್ವ ಶಿಕ್ಷಕರ ದಿನ ಅಕ್ಟೋಬರ್ 5ಕ್ಕೆ ಬರುವುದು ಈ ಶಿಫಾರಸಿನ ನೆನಪಿಗೆ.

ಈಗ ನಿಮ್ಮ ಮನೆಯವರ ಮಾತಿಗೆ ಬರೋಣ. ಅವರು ಹಾಗೆ ಹೇಳುವುದರಲ್ಲಿ ಆಶ್ಚರ್ಯವಿಲ್ಲ. ಶಸ್ತ್ರಚಿಕಿತ್ಸೆಯನ್ನು ಎದುರು ಕೂತು ನೋಡಿದವರು ಎಷ್ಟು ಮಂದಿ? ಪಾಠವನ್ನಾದರೋ ಎಲ್ಲರೂ ನೋಡಿದ್ದಾರೆ. ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಕೊಟ್ಟ ಲೆಕ್ಕದಂತೆ ಅಮೆರಿಕದ ವಿದ್ಯಾರ್ಥಿ ಶಾಲೆ ಮುಗಿಸುವ ಹೊತ್ತಿಗೆ ಸುಮಾರು 13,000 ಗಂಟೆ ಶಿಕ್ಷಕರ ಎದುರು ಕೂತಿರುತ್ತಾನೆ. ಆದರೆ ಕೂತು ನೋಡಿದ್ದು ಮುಂದಿನ ಬೆಂಚಿನಿಂದ. ಶಿಕ್ಷಕರು ಬೋರ್ಡಿನ ಮೇಲೆ ಬರೆದದ್ದು ಕಾಣುತ್ತದೆ. ಆ ಉದಾಹರಣೆಯನ್ನೇ ಏಕೆ ಆರಿಸಿದರು, ಯಾವುದನ್ನು ಬೇಕೆಂದೇ ಬಿಟ್ಟರು, ಮೂರನೇ ಸಾಲಿನ ಹುಡುಗಿಯ ತಪ್ಪು ಉತ್ತರ ಕೇಳಿಸಿಕೊಂಡು ಏಕೆ ಸುಮ್ಮನಿದ್ದರು ಎಂಬುದು ಕಾಣುವುದಿಲ್ಲ. ನಮ್ಮ ವೃತ್ತಿಯ ಅಸಲು ಭಾಗ ಕಾಣದ ಭಾಗ.

ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಲೀ ಶುಲ್ಮನ್ 1986ರಲ್ಲಿ ಈ ಕಾಣದ ಭಾಗಕ್ಕೊಂದು ಹೆಸರಿಟ್ಟರು. ಕನ್ನಡದಲ್ಲಿ ಅದನ್ನು ‘ವಿಷಯಬೋಧನ ಜ್ಞಾನ’ ಎನ್ನೋಣ. ಅದು ಬರೀ ವಿಷಯಜ್ಞಾನವಲ್ಲ, ಬರೀ ಬೋಧನಾ ವಿಧಾನವೂ ಅಲ್ಲ. ಇಂಥ ಪಾಠದಲ್ಲಿ ಮಕ್ಕಳು ಇಂಥ ಕಡೆ ಎಡವುತ್ತಾರೆ, ಇಂಥ ಕಾರಣಕ್ಕೆ ಎಡವುತ್ತಾರೆ, ಆಗ ಇಂಥ ಉದಾಹರಣೆ ಕೈಹಿಡಿಯುತ್ತದೆ ಎಂಬ ತಿಳಿವಳಿಕೆ.

ನಿಮ್ಮದೇ ಗಣಿತದಿಂದ ಒಂದನ್ನು ಹತ್ತಿರದಿಂದ ನೋಡೋಣ. 4.8 ಮತ್ತು 4.63ರಲ್ಲಿ ದೊಡ್ಡದು ಯಾವುದು? ತರಗತಿಯಲ್ಲಿ ಕೆಲವರು 4.63 ಎನ್ನುತ್ತಾರೆ: 63 ಎಂಟಕ್ಕಿಂತ ದೊಡ್ಡದು, ಅಂಕಿ ಹೆಚ್ಚಿದ್ದರೆ ಸಂಖ್ಯೆ ದೊಡ್ಡದು ಎಂಬ ಲೆಕ್ಕಾಚಾರ. ಪೂರ್ಣಸಂಖ್ಯೆಗಳಲ್ಲಿ ವರ್ಷಗಟ್ಟಲೆ ಸರಿಯಾಗಿ ನಡೆದ ನಿಯಮವನ್ನೇ ಇಲ್ಲಿಗೂ ತಂದಿರುತ್ತಾರೆ. ವಿಷಯ ಮಾತ್ರ ಬಲ್ಲವರು ಇಷ್ಟಕ್ಕೆ ನಿಲ್ಲುತ್ತಾರೆ: 4.63 ಎಂದವರಿಗೆ ಮತ್ತೆ ಹೇಳಿಕೊಡಿ, 4.8 ಎಂದವರಿಗೆ ಗೊತ್ತಿದೆ. ಆದರೆ 4.8 ಎಂದವರಲ್ಲಿ ಇನ್ನೊಂದು ಗುಂಪು ಅಡಗಿರುತ್ತದೆ. ‘ದಶಾಂಶಗಳು (ಹತ್ತನೆಯ ಭಾಗ) ಶತಾಂಶಗಳಿಗಿಂತ (ನೂರನೆಯ ಭಾಗ) ದೊಡ್ಡ ತುಂಡು, ಆದ್ದರಿಂದ ಅಂಕಿ ಕಡಿಮೆ ಇದ್ದದ್ದೇ ದೊಡ್ಡದು’ ಎಂದುಕೊಂಡವರು ಅವರು. ಉತ್ತರ ಸರಿ, ಕಾರಣ ತಪ್ಪು. ಇವರನ್ನು ಹೊರತರಲು 5.736 ಮತ್ತು 5.62 ಕೊಡಬೇಕು. ಮೊದಲ ಗುಂಪಿನವರು ಇಲ್ಲಿ ತಪ್ಪು ಕಾರಣದಿಂದಲೇ ಸರಿ ಉತ್ತರ ಹೇಳಿ ಪಾರಾಗುತ್ತಾರೆ; ಎರಡನೆಯ ಗುಂಪಿನವರು 5.62 ಎಂದು ಸಿಕ್ಕಿಬೀಳುತ್ತಾರೆ. ಎರಡೂ ಜೋಡಿಯಲ್ಲಿ ಗೆದ್ದವರಿಗೆ 4.45 ಮತ್ತು 4.4502 ಕೊಡಿ. ದುಡ್ಡಿನ ಲೆಕ್ಕದ ರೂಢಿಯಿಂದ ಎರಡು ದಶಮಾಂಶ ಸ್ಥಾನದವರೆಗೆ ಮಾತ್ರ ನೋಡುವ ಮಗು ‘ಎರಡೂ ಒಂದೇ’ ಎನ್ನುತ್ತದೆ.

ಮೂರು ಜೋಡಿ, ಐದು ನಿಮಿಷ. ಮೂರು ಬಗೆಯ ತಪ್ಪಿಗೆ ಮೂರು ಬೇರೆ ಮದ್ದು. ಮೊದಲ ಗುಂಪಿಗೆ ಸ್ಥಾನಬೆಲೆಯ ಪಟ್ಟಿ ಮತ್ತು 4.8 ಎಂದರೆ 4.80 ಎಂಬ ತಿಳಿವಳಿಕೆ ಬೇಕು. ಈ ಸೊನ್ನೆ ಹಚ್ಚುವ ಉಪಾಯವನ್ನು ಬರೀ ನಿಯಮವಾಗಿ ಹೇಳಿಕೊಟ್ಟರೆ ಉತ್ತರ ಬರುತ್ತದೆ, ತಪ್ಪು ಕಲ್ಪನೆ ಒಳಗೇ ಉಳಿಯುತ್ತದೆ. ಎರಡನೆಯವರಿಗೆ ಸಂಖ್ಯಾರೇಖೆ: 5.6 ಮತ್ತು 5.7ರ ನಡುವೆ 5.62 ಇಟ್ಟು, 5.736 ಎಲ್ಲಿ ಕೂರುತ್ತದೆ ಎಂದು ಅವರಿಂದಲೇ ಗುರುತು ಹಾಕಿಸಬೇಕು. ಮೂರನೆಯವರಿಗೆ ಅದೇ ರೇಖೆಯನ್ನು ಹತ್ತು ಪಟ್ಟು ಹಿಗ್ಗಿಸಿ, ಮತ್ತೆ ಹತ್ತು ಪಟ್ಟು ಹಿಗ್ಗಿಸಿ ತೋರಿಸಬೇಕು. ಗಣಿತದಲ್ಲಿ ಚಿನ್ನದ ಪದಕ ಪಡೆದವರಿಗೂ ಇದು ತಾನಾಗಿ ಹೊಳೆಯುವುದಿಲ್ಲ. ಅವರಿಗೆ ಈ ತಪ್ಪುಗಳು ಬಿದ್ದದ್ದೇ ಇಲ್ಲವಲ್ಲ. ಮುಂದಿನ ಸಲ ‘ಯಾರು ಬೇಕಾದರೂ ಪಾಠ ಮಾಡಬಹುದು’ ಎಂದವರಿಗೆ ಒಂದು ಮಗುವಿನ ಉತ್ತರಪತ್ರಿಕೆ ಕೊಟ್ಟು, ಮುಂದೆ ಏನು ಕೇಳಬೇಕು ಹೇಳಿ ಎನ್ನಿ.

ಹಾಗಿದ್ದರೆ ಬೋಧನೆಗೆ ಮಾನ್ಯತೆ ಏಕೆ ಅರ್ಧಕ್ಕೇ ನಿಂತಿದೆ? ಇಂಥ ತಿಳಿವಳಿಕೆ ಇದೆ, ಆದರೆ ಚದುರಿಹೋಗಿದೆ. ಒಬ್ಬ ಅನುಭವಿ ಶಿಕ್ಷಕಿ ನಿವೃತ್ತರಾದಾಗ ಅವರು 30 ವರ್ಷ ಕಂಡುಕೊಂಡದ್ದೆಲ್ಲ ಅವರೊಂದಿಗೇ ಮನೆಗೆ ಹೋಗುತ್ತದೆ. ವೈದ್ಯರು ರೋಗಿಯ ಚರಿತ್ರೆ ಬರೆಯುತ್ತಾರೆ, ವಕೀಲರಿಗೆ ತೀರ್ಪುಗಳ ಸಂಪುಟಗಳಿವೆ. ಶಿಕ್ಷಕರ ಬಳಿ ಇರುವ ಪಾಠಯೋಜನೆ ಬಹುತೇಕ ತಪಾಸಣೆಗೆಂದು ಬರೆದದ್ದು. ‘ಉದ್ದೇಶ: ಮಕ್ಕಳು ದಶಮಾಂಶವನ್ನು ಅರ್ಥಮಾಡಿಕೊಳ್ಳುವರು’ ಎಂಬ ಸಾಲಿನಿಂದ ಮುಂದಿನ ವರ್ಷ ಬರುವ ಶಿಕ್ಷಕರಿಗೆ ದಕ್ಕುವುದೇನು?

ಎರಡನೆಯ ಕೊರತೆ ಬಾಗಿಲಿನದು. ಮಾನ್ಯ ವೃತ್ತಿಗೆ ಪ್ರವೇಶದ ಬಾಗಿಲು ಇರುತ್ತದೆ, ಅದನ್ನು ಕಾಯುವವರು ಇರುತ್ತಾರೆ. ಬೋಧನೆಯಲ್ಲಿ ಶಿಕ್ಷಕರ ಕೊರತೆ ಕಂಡಾಗಲೆಲ್ಲ ಹಿಂಬಾಗಿಲು ತೆರೆಯುತ್ತದೆ: ತಾತ್ಕಾಲಿಕ ನೇಮಕ, ಅತಿಥಿ ಶಿಕ್ಷಕ, ಎರಡು ವಾರದ ತರಬೇತಿ. 1966ರ ಶಿಫಾರಸು ಇದನ್ನು ಆಗಲೇ ಊಹಿಸಿ, ಕೊರತೆ ನೀಗಿಸುವ ಕ್ರಮಗಳು ಅಸಾಧಾರಣವೆಂದೇ ಗುರುತಿಸಲ್ಪಡಬೇಕು, ವೃತ್ತಿಯ ಮಟ್ಟಕ್ಕೆ ಧಕ್ಕೆ ತರಬಾರದು ಎಂದು ಎಚ್ಚರಿಸಿತ್ತು. ಹಾಸಿಗೆ ಹೆಚ್ಚಾಯಿತೆಂದು ಆಸ್ಪತ್ರೆಗಳು ತರಬೇತಿಯಿಲ್ಲದವರ ಕೈಗೆ ಕತ್ತರಿ ಕೊಡುವುದಿಲ್ಲ.

ಬಾಗಿಲು ಕಾಯಲು ಒಂದೇ ದಾರಿಯೇನೂ ಇಲ್ಲ. ಸ್ಕಾಟ್ಲೆಂಡ್ 1965ರ ಕಾಯ್ದೆಯ ಮೂಲಕ ಶಿಕ್ಷಕರ ಪರಿಷತ್ತನ್ನು ಸ್ಥಾಪಿಸಿತು. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಲು ಅದರ ನೋಂದಣಿ ಬೇಕು. 2012ರಲ್ಲಿ ಅದು ಸರ್ಕಾರದಿಂದ ಸ್ವತಂತ್ರವಾಯಿತು. ಕೆನಡಾದ ಒಂಟಾರಿಯೊದಲ್ಲಿ 1996ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ ಪರವಾನಗಿಯನ್ನೂ ಕೊಡುತ್ತದೆ, ದೂರನ್ನೂ ವಿಚಾರಿಸುತ್ತದೆ. ಫಿನ್ಲೆಂಡ್ ಇನ್ನೊಂದು ದಾರಿ ಹಿಡಿಯಿತು: 1970ರ ದಶಕದ ಕೊನೆಯಲ್ಲಿ ಪ್ರಾಥಮಿಕ ತರಗತಿಯ ಶಿಕ್ಷಕರಿಗೂ ಸ್ನಾತಕೋತ್ತರ ಪದವಿಯನ್ನು ಕಡ್ಡಾಯ ಮಾಡಿ, ಬಾಗಿಲನ್ನು ವಿಶ್ವವಿದ್ಯಾಲಯದಲ್ಲೇ ಇಟ್ಟಿತು. ಅಲ್ಲಿ ಶಾಲಾ ತಪಾಸಣೆಯ ವ್ಯವಸ್ಥೆಯನ್ನೇ 1990ರ ದಶಕದ ಆರಂಭದಲ್ಲಿ ಕೈಬಿಟ್ಟರು. ಈ ಕ್ರಮ ಗಮನಿಸಿ: ಬಾಗಿಲು ಬಿಗಿಯಾದದ್ದು ಮೊದಲು, ಕಾವಲು ತೆಗೆದದ್ದು ಆಮೇಲೆ. ‘ಫಿನ್ಲೆಂಡ್‌ನಲ್ಲಿ ತಪಾಸಣೆಯೇ ಇಲ್ಲವಂತೆ’ ಎಂದು ಉದಾಹರಿಸುವವರು ಮೊದಲರ್ಧವನ್ನು ಮರೆತುಬಿಡುತ್ತಾರೆ.

ಇಂಗ್ಲೆಂಡ್‌ನದು ಕಲಿಯಬೇಕಾದ ಸೋಲು. 1998ರ ಕಾಯ್ದೆಯಂತೆ 2000ದಲ್ಲಿ ಅಲ್ಲಿಯೂ ಶಿಕ್ಷಕರ ಪರಿಷತ್ತು ಶುರುವಾಯಿತು. 2012ರಲ್ಲಿ ಸರ್ಕಾರ ಅದನ್ನು ಮುಚ್ಚಿತು. ಅದನ್ನು ಉಳಿಸಿಕೊಳ್ಳಲು ಶಿಕ್ಷಕರೇ ಬೀದಿಗಿಳಿಯಲಿಲ್ಲ. ವರ್ಷವರ್ಷ ಶುಲ್ಕ ಕಟ್ಟುವುದು, ಶಿಸ್ತುಕ್ರಮದ ಸುದ್ದಿ ಕೇಳುವುದು ಬಿಟ್ಟರೆ ಅದರಿಂದ ತಮಗೇನು ಎಂಬ ಭಾವನೆ ಅನೇಕರಲ್ಲಿತ್ತು. ಪರಿಷತ್ತು ಮೇಲಿನಿಂದ ಇಳಿದುಬಂದರೆ ಅದು ಇನ್ನೊಂದು ಇಲಾಖೆಯಾಗುತ್ತದೆ ಅಷ್ಟೆ. ಇದೇ ಜಾಗದಲ್ಲಿ ಆಗುವ ಇನ್ನೊಂದು ಎಡವಟ್ಟು ಸಂಘ ಮತ್ತು ಪರಿಷತ್ತನ್ನು ಒಂದೇ ಎಂದುಕೊಳ್ಳುವುದು. ಸಂಘ ಕಾಯುವುದು ಶಿಕ್ಷಕರ ಹಿತವನ್ನು: ವೇತನ, ರಜೆ, ವರ್ಗಾವಣೆ. ಪರಿಷತ್ತು ಕಾಯಬೇಕಾದದ್ದು ಮಕ್ಕಳ ಹಿತವನ್ನು, ಕೆಲವೊಮ್ಮೆ ಶಿಕ್ಷಕರ ವಿರುದ್ಧವೇ. ಎರಡೂ ಬೇಕು, ಎರಡೂ ಒಂದೇ ಕುರ್ಚಿಯಲ್ಲಿ ಕೂರಬಾರದು. ಸಂಬಳದ ವಿಷಯಕ್ಕೆ ಒಂದೇ ಮಾತು: ಕಡಿಮೆ ಸಂಬಳಕ್ಕೆ ಒಳ್ಳೆಯವರು ಬರುವುದಿಲ್ಲ, ಆದರೆ ಹೆಚ್ಚು ಸಂಬಳವೊಂದೇ ಯಾವ ಕೆಲಸವನ್ನೂ ವೃತ್ತಿಯಾಗಿಸಿಲ್ಲ.

ಸ್ವಾಯತ್ತತೆಯ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ‘ನನ್ನ ತರಗತಿ, ನನ್ನಿಷ್ಟ’ ಎಂದು ಬಾಗಿಲು ಮುಚ್ಚಿಕೊಳ್ಳುವುದನ್ನು ಬಹಳ ಮಂದಿ ವೃತ್ತಿ ಸ್ವಾತಂತ್ರ್ಯ ಎಂದುಕೊಂಡಿದ್ದಾರೆ. ಅದು ಒಂಟಿತನ. ವೃತ್ತಿ ಸ್ವಾತಂತ್ರ್ಯ ಎಂದರೆ ‘ಈ ಮಗುವಿಗೆ ಇದನ್ನೇಕೆ ಮಾಡಿದೆ’ ಎಂದು ಇನ್ನೊಬ್ಬ ಶಿಕ್ಷಕರು ಕೇಳಿದಾಗ ಕಾರಣ ಕೊಡಬಲ್ಲೆ ಎಂಬ ಸ್ಥಿತಿ. ಹಾಗೆ ಕಾರಣ ಕೊಡುವ ಅಭ್ಯಾಸ ಒಳಗೆ ಇಲ್ಲದಿದ್ದರೆ ಹೊರಗಿನವರು ಚೆಕ್‌ಲಿಸ್ಟ್ ಹಿಡಿದು ಬರುತ್ತಾರೆ.

ನೀವು ಐದಾರು ಜನ ಮಾಡಬಹುದಾದದ್ದು ಇಲ್ಲಿಂದಲೇ ಶುರುವಾಗುತ್ತದೆ.

ಸುಲಭವಾದದ್ದು ಮೊದಲು. ಒಂದೇ ವಿಷಯದ ಆರು ಉತ್ತರಪತ್ರಿಕೆ ತೆಗೆದುಕೊಳ್ಳಿ: ಎರಡು ಚೆನ್ನಾಗಿರುವುದು, ಎರಡು ತೀರಾ ದುರ್ಬಲವಾದದ್ದು, ಎರಡು ನಡುವಿನದು. ಹೆಸರು ಮುಚ್ಚಿ, ಅಂಕ ಅಳಿಸಿ, ಜೆರಾಕ್ಸ್ ಮಾಡಿ ಎಲ್ಲರಿಗೂ ಹಂಚಿ. ಪ್ರತಿಯೊಬ್ಬರೂ ಮಾತಾಡಿಕೊಳ್ಳದೆ ಅಂಕ ಹಾಕಿ, ಆಮೇಲೆ ಒಟ್ಟಿಗೇ ಬೋರ್ಡಿನ ಮೇಲೆ ಬರೆಯಿರಿ. ಎರಡು ತುದಿಗಳಲ್ಲಿ ಹೆಚ್ಚು ಭೇದ ಬರುವುದಿಲ್ಲ. ನಡುವಿನ ಎರಡರಲ್ಲಿ ಹತ್ತಕ್ಕೆ ಮೂರು ಕೊಟ್ಟವರೂ ಏಳು ಕೊಟ್ಟವರೂ ಸಿಗಬಹುದು. ಎರಡು ಅಂಕಕ್ಕಿಂತ ಹೆಚ್ಚು ಅಂತರ ಬಂದ ಪ್ರಶ್ನೆಯನ್ನು ಮಾತ್ರ ಚರ್ಚೆಗೆ ತೆಗೆದುಕೊಳ್ಳಿ. ಸರಾಸರಿ ತೆಗೆದು ಮುಗಿಸಬೇಡಿ, ಅಲ್ಲೇ ಎಲ್ಲರೂ ಜಾರುವುದು. ‘ವಿಧಾನ ಸರಿ, ಲೆಕ್ಕ ತಪ್ಪು ಆದರೆ ಇಷ್ಟು ಅಂಕ, ಏಕೆಂದರೆ...’ ಎಂದು ಒಂದು ಸಾಲಿನ ನಿಯಮ ಕಾರಣಸಮೇತ ಬರೆದಿಡಿ. ಪೋಷಕರು ‘ನನ್ನ ಮಗನಿಗೆ ಏಕೆ ಕಡಿಮೆ?’ ಎಂದು ಬಂದಾಗ ತೋರಿಸಲು ನಿಮ್ಮಲ್ಲಿ ಒಂದು ಆಧಾರ ಇರುತ್ತದೆ, ಅದೂ ಒಬ್ಬರದಲ್ಲ, ಎಲ್ಲರದು.

ಎರಡನೆಯದು ಜಪಾನಿನ ಶಿಕ್ಷಕರು ಬಹುಕಾಲದಿಂದ ನಡೆಸಿಕೊಂಡು ಬಂದಿರುವ ಪಾಠ ಅಧ್ಯಯನ. ಇದಕ್ಕೆ ನಾಲ್ಕರಿಂದ ಆರು ಜನ ಸಾಕು. ಮಕ್ಕಳು ಪ್ರತಿ ವರ್ಷ ಎಡವುವ ಒಂದೇ ಒಂದು ಪಾಠ ಆರಿಸಿ, ಎಲ್ಲರೂ ಸೇರಿ ಯೋಜನೆ ಬರೆಯಿರಿ. ಯೋಜನೆಯ ಪುಟದಲ್ಲಿ ಮೂರು ಕಾಲಂ ಇರಲಿ: ಶಿಕ್ಷಕರು ಕೇಳುವ ಪ್ರಶ್ನೆ, ಮಕ್ಕಳಿಂದ ಬರಬಹುದಾದ ಉತ್ತರಗಳು (ತಪ್ಪು ಉತ್ತರಗಳೂ ಸೇರಿ), ಆಗ ಶಿಕ್ಷಕರ ಮುಂದಿನ ಹೆಜ್ಜೆ. ನಡುವಿನ ಕಾಲಂ ತುಂಬುವುದೇ ಕಷ್ಟ. ಎರಡು ಸಭೆ ಅದಕ್ಕೇ ಹೋದರೂ ಪರವಾಗಿಲ್ಲ. ಒಬ್ಬರು ಪಾಠ ಮಾಡುತ್ತಾರೆ, ಉಳಿದವರು ತಲಾ ಎರಡು ಮೂರು ಮಕ್ಕಳನ್ನು ಮಾತ್ರ ನೋಡುತ್ತಾರೆ. ಮಗುವಿಗೆ ಸಹಾಯ ಮಾಡಬಾರದು, ಸನ್ನೆ ಮಾಡಬಾರದು. ಬರೆದುಕೊಳ್ಳಬೇಕಾದದ್ದು ಸಮಯ ಮತ್ತು ಮಗು ಮಾಡಿದ್ದು, ಆಡಿದ್ದು: ‘10:42, ಬರೆದದ್ದನ್ನು ಅಳಿಸಿ ಪಕ್ಕದವಳ ಪುಸ್ತಕ ನೋಡಿದ’. ‘ಗಮನವಿರಲಿಲ್ಲ’ ಎಂದು ಬರೆದರೆ ಅದು ತೀರ್ಪು, ಪುರಾವೆಯಲ್ಲ.

ಅದೇ ದಿನ ಕೂತು ಮಾತಾಡಿ, ಮರುದಿನಕ್ಕೆ ಬಿಟ್ಟರೆ ನೆನಪು ಕಥೆಯಾಗುತ್ತದೆ. ಪಾಠ ಮಾಡಿದವರು ಮೊದಲು ಐದು ನಿಮಿಷ ಮಾತಾಡಲಿ, ಬಳಿಕ ಎಲ್ಲರೂ ತಾವು ಕಂಡದ್ದನ್ನು ಓದಲಿ, ಅದಾದ ಮೇಲಷ್ಟೇ ಅರ್ಥ ಹುಡುಕುವ ಚರ್ಚೆ. ತಿದ್ದಿದ ಪಾಠವನ್ನು ಎರಡು ವಾರದೊಳಗೆ ಇನ್ನೊಂದು ವಿಭಾಗದಲ್ಲಿ ಬೇರೊಬ್ಬರು ಮಾಡಲಿ. ವರ್ಷಕ್ಕೆ ಮೂರು ಪಾಠ ಹೀಗೆ ಆದರೆ ಸಾಕು. ಹತ್ತು ಮಾಡಲು ಹೋದವರು ಮೂರನ್ನೂ ಮುಗಿಸುವುದಿಲ್ಲ. ಮಾತು ‘ನಿಮ್ಮ ಧ್ವನಿ ಚೆನ್ನಾಗಿತ್ತು, ಬೋರ್ಡ್ ಬರಹ ಇನ್ನೂ ದೊಡ್ಡದಿರಲಿ’ ಎಂಬ ಕಡೆಗೆ ತಿರುಗಿದರೆ ಮೆಲ್ಲನೆ ಹಿಂದಕ್ಕೆ ತನ್ನಿ: ಅಧ್ಯಯನ ಪಾಠದ್ದು, ಪಾಠ ಮಾಡಿದವರದ್ದಲ್ಲ.

ಮೂರನೆಯದು ನೀತಿಸಂಹಿತೆ. ‘ಶಿಕ್ಷಕರು ಪ್ರಾಮಾಣಿಕರಾಗಿರತಕ್ಕದ್ದು’ ಎಂಬ ವಾಕ್ಯ ಗೋಡೆಗೆ ಚೆಂದ, ಕೆಲಸಕ್ಕೆ ಬಾರದು. ಅದರ ಬದಲು ನಾಲ್ಕು ಸಂದರ್ಭ ಬರೆಯಿರಿ. ನನ್ನದೇ ತರಗತಿಯ ಮಗುವಿಗೆ ದುಡ್ಡು ತೆಗೆದುಕೊಂಡು ಮನೆಪಾಠ ಹೇಳಬಹುದೇ? ಮಗು ನಂಬಿಕೆಯಿಂದ ಹೇಳಿದ ಮನೆಯ ವಿಷಯ ಸ್ಟಾಫ್ ರೂಮಿನಲ್ಲಿ ಎಷ್ಟು ಹೇಳಬಹುದು? ಆಡಳಿತದವರು ಒಬ್ಬರ ಅಂಕ ತಿದ್ದಲು ಹೇಳಿದರೆ ಮೊದಲು ಯಾರಿಗೆ, ಯಾವ ರೂಪದಲ್ಲಿ ತಿಳಿಸಬೇಕು? ಮಗುವಿನ ಮೈಮೇಲೆ ಗಾಯ ಕಂಡರೆ? ಪ್ರತಿಯೊಂದಕ್ಕೂ ‘ನಾವು ಹೀಗೆ ಮಾಡುತ್ತೇವೆ’ ಎಂದು ಎರಡು ಸಾಲು ಒಪ್ಪಿಕೊಳ್ಳಿ. ಮನೆಪಾಠ, ಗಾಯದಂಥ ವಿಷಯಗಳಲ್ಲಿ ನಿಮ್ಮ ಒಪ್ಪಂದಕ್ಕಿಂತ ಕಾನೂನು ದೊಡ್ಡದು, ಅದರ ನಿಯಮ ತಿಳಿದುಕೊಂಡೇ ಬರೆಯಿರಿ. ಮನೆಪಾಠದ ಪ್ರಶ್ನೆಯಲ್ಲಿ ನಿಮ್ಮ ಗುಂಪಿನಲ್ಲೇ ಮುನಿಸು ಬರುತ್ತದೆ. ಆ ಮುನಿಸನ್ನು ದಾಟದೆ ‘ನಮ್ಮನ್ನು ನಾವೇ ನೋಡಿಕೊಳ್ಳುತ್ತೇವೆ’ ಎಂದು ಹೊರಗಿನವರಿಗೆ ಹೇಳುವ ಹಕ್ಕು ಹುಟ್ಟುವುದಿಲ್ಲ.

ಹೊಸಬರು ಸೇರಿದಾಗ ಅವರಿಗೆ ಅತಿ ಗದ್ದಲದ ವಿಭಾಗ, ಉಳಿದುಹೋದ ಪೀರಿಯಡ್‌ಗಳು ಸಿಗುವುದು ಎಲ್ಲೆಡೆ ಇರುವ ಪದ್ಧತಿ. ಅದನ್ನು ತಿರುಗಿಸಿ. ಮೊದಲ ಆರು ತಿಂಗಳು ವಾರಕ್ಕೆ ಎರಡು ಪೀರಿಯಡ್ ಕಡಿಮೆ, ಅದರಲ್ಲೊಂದು ಹಿರಿಯರ ಪಾಠ ನೋಡಲು, ಇನ್ನೊಂದು ಅವರೊಂದಿಗೆ ಕೂತು ಮಾತಾಡಲು. ಆ ಹಿರಿಯರು ಅವರ ಮೌಲ್ಯಮಾಪನ ವರದಿ ಬರೆಯುವವರು ಆಗಿರಬಾರದು. ಆಗಿದ್ದರೆ ಹೊಸಬರು ತಮ್ಮ ಕಷ್ಟವನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ.

ಕಾಗದಪತ್ರದ ಬಗ್ಗೆ ಒಂದು ಎಚ್ಚರ. ಈ ಕೆಲಸ ಸುದ್ದಿಯಾದ ಕೂಡಲೇ ಮುಖ್ಯ ಶಿಕ್ಷಕರೋ ಆಡಳಿತದವರೋ ‘ವೀಕ್ಷಣೆಯ ಟಿಪ್ಪಣಿ ಕೊಡಿ, ಫೈಲ್ ಮಾಡೋಣ’ ಎನ್ನುತ್ತಾರೆ. ಉದ್ದೇಶ ಒಳ್ಳೆಯದೇ ಇರಬಹುದು. ತಿದ್ದಿದ ಪಾಠಯೋಜನೆ ಕೊಡಿ, ಅಂಕ ಹಾಕುವ ನಿಯಮಗಳ ಪಟ್ಟಿ ಕೊಡಿ, ನಾಲ್ಕು ಸಂದರ್ಭಗಳ ಒಪ್ಪಂದವನ್ನೂ ಕೊಡಿ. ಟಿಪ್ಪಣಿಗಳನ್ನು ಮಾತ್ರ ಪಾಠ ಮಾಡಿದವರ ಕೈಗೇ ಕೊಟ್ಟುಬಿಡಿ. ಅವು ಒಮ್ಮೆ ಬಡ್ತಿಯ ಫೈಲಿಗೆ ಸೇರಿದವೆಂದರೆ, ಮುಂದಿನ ಸಲ ಯಾರೂ ಮಕ್ಕಳು ಎಡವುವ ಪಾಠವನ್ನು ಆರಿಸುವುದಿಲ್ಲ.